ದೇವರ ಕೋಣೆಯ ಮೂರನೇ ಬಾಟಲಿ

ಆ ದಿನ ನನ್ನ ತಮ್ಮನ ಮೂಗು ಸರಿಯಾಗಿಯೇ ಇತ್ತು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕೆಟ್ಟಿದ್ದು ಅವನ ಮೂಗಲ್ಲ, ಬಾಟಲಿ. ಕೆಡಿಸಿದವಳು ನಾನು. ತನ್ನ ಮೂಗೇ ಕೈಕೊಟ್ಟಿತು ಎಂದು ನಂಬಿ ಅವನು ಹನ್ನೆರಡು ವರ್ಷ ಕಲಿತ ಕೆಲಸ ಬಿಟ್ಟ. ಹಾಗೆ ನಂಬುವುದಕ್ಕೆ ಬೇಕಾದ ಸಾಕ್ಷಿ ಹೇಳಿದವಳೂ ನಾನೇ.

ನಾನು ಏಳನೇ ತರಗತಿಗೆ ಶಾಲೆ ಬಿಟ್ಟವಳು. ಸೀರೆಗೆ ಕುಚ್ಚು ಕಟ್ಟುವುದು ನನ್ನ ಕೆಲಸ. ಕಾಮಾಕ್ಷಿಪಾಳ್ಯದ ನಮ್ಮ ಮನೆಯ ಮುಂಬಾಗಿಲಿನ ಪಕ್ಕದ ಕಿಟಕಿಯಲ್ಲಿ ಬೆಳಕು ಚೆನ್ನಾಗಿ ಬರುತ್ತದೆ. ಇಪ್ಪತ್ತು ವರ್ಷದಿಂದ ಅಲ್ಲೇ ಕೂತು ರೇಷ್ಮೆ ದಾರದ ಬಣ್ಣ ನೋಡಿದ್ದೇನೆ. ಅಕ್ಷರಕ್ಕಿಂತ ಬಣ್ಣ ನನಗೆ ಚೆನ್ನಾಗಿ ಗೊತ್ತು. ನೇರಳೆಗೂ ಬದನೆಕಾಯಿ ಬಣ್ಣಕ್ಕೂ, ಮರೂನಿಗೂ ಅರಗಿನ ಬಣ್ಣಕ್ಕೂ ಇರುವ ವ್ಯತ್ಯಾಸವನ್ನು ದಾರ ಕೈಗೆ ಬರುವ ಮೊದಲೇ ಹೇಳಬಲ್ಲೆ.

ತಮ್ಮ ನನಗಿಂತ ಎಂಟು ವರ್ಷ ಚಿಕ್ಕವನು. ಅಮ್ಮ ಹೋದಾಗ ಅವನಿಗೆ ಐದು. ಅವನ ಊಟ, ಸ್ನಾನ, ಹೋಂವರ್ಕಿಗೆ ಹೆದರಿ ಅಳುವುದು, ಎಲ್ಲ ನನ್ನ ಮಡಿಲಲ್ಲೇ ನಡೆಯಿತು. ದೊಡ್ಡವನಾದ ಮೇಲೆ ಹೋಟೆಲ್ ಕೋರ್ಸ್ ಮಾಡಿ, ಊರಿನ ಮಧ್ಯದ ಒಂದು ದೊಡ್ಡ ಹೋಟೆಲಿನಲ್ಲಿ ಊಟ ಬಡಿಸಲು ಸೇರಿದ. ಅಲ್ಲಿಂದ ನಿಧಾನವಾಗಿ ವೈನಿನ ಕಡೆಗೆ ಹೋದ. ಯಾವ ಊಟಕ್ಕೆ ಯಾವ ವೈನ್ ಹೊಂದುತ್ತದೆ ಎಂದು ಗಿರಾಕಿಗೆ ಹೇಳುವುದು, ಬಾಟಲಿ ತೆರೆದಾಗ ಮೊದಲು ತಾನು ಮೂಸಿ, ಒಂದು ಗುಟುಕು ರುಚಿ ನೋಡಿ, ಸರಿಯಿದ್ದರೆ ಮಾತ್ರ ಬಡಿಸುವುದು ಅವನ ಕೆಲಸವಾಯಿತು.

ನಮ್ಮದು ಲಿಂಗವಂತರ ಮನೆ. ನಮ್ಮ ಅತ್ತೆ ಸ್ನಾನ ಮಾಡಿ ಲಿಂಗಪೂಜೆ ಆಗುವವರೆಗೆ ನೀರನ್ನೂ ಕುಡಿಯುವವರಲ್ಲ. ಅವರ ಲೆಕ್ಕದಲ್ಲಿ ನನ್ನ ತಮ್ಮ ಹೋಟೆಲಿನಲ್ಲಿ ಸೂಪರ್‌ವೈಸರ್. ಏನನ್ನು ನೋಡಿಕೊಳ್ಳುವ ಸೂಪರ್‌ವೈಸರ್ ಎಂದು ಅವರು ಕೇಳಲಿಲ್ಲ, ನಾವು ಹೇಳಲಿಲ್ಲ. ಯಜಮಾನರು ಬಸ್ ಡಿಪೋದ ಮೆಕ್ಯಾನಿಕ್. ಅವರಿಗೆ ಇದರಲ್ಲಿ ಏನೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ.

ತಮ್ಮನಿಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಹೋಟೆಲ್ ಬಿಟ್ಟು ಹೊರಡುವಾಗ ಅವನಿಗೆ ಮೂರು ಬಾಟಲಿ ಕೊಟ್ಟರು. ಮೂರೂ ಒಂದೇ ವೈನ್, ಒಂದೇ ವರ್ಷದ್ದು. ಫ್ರಾನ್ಸ್ ದೇಶದಲ್ಲಿ ಬೋರ್ಡೋ ಎನ್ನುವ ಕಡೆಯ ಕೆಂಪು ವೈನ್. ಒಂದನ್ನು ಈಗ ತೆಗೆ, ಒಂದನ್ನು ನಾಲ್ಕು ವರ್ಷ ಬಿಟ್ಟು ತೆಗೆ, ಇನ್ನೊಂದನ್ನು ಎಂಟು ವರ್ಷಕ್ಕೆ ತೆಗೆ, ಮೂರನ್ನೂ ನೆನಪಿಟ್ಟುಕೊಂಡರೆ ನಾನು ಕಲಿಸದೆ ಬಿಟ್ಟಿದ್ದನ್ನು ಅದೇ ಕಲಿಸುತ್ತದೆ ಎಂದಿದ್ದರಂತೆ. ತಮ್ಮ ಇದ್ದದ್ದು ಆರು ಜನರ ರೂಮಿನಲ್ಲಿ. ಅಲ್ಲಿ ಎಂಟು ವರ್ಷ ಇರಲಿ, ಎಂಟು ದಿನ ಒಂದು ಬಾಟಲಿ ಉಳಿಯುತ್ತಿರಲಿಲ್ಲ.

ಒಂದು ಭಾನುವಾರ ಅವನು ನಮ್ಮ ಮನೆಗೆ ಥರ್ಮಾಮೀಟರ್ ತಂದ. ಜ್ವರ ನೋಡುವುದಲ್ಲ, ಗೋಡೆಗೆ ಹಾಕುವಂಥದ್ದು. ಅಡುಗೆಮನೆ, ಮಂಚದ ಕೆಳಗೆ, ಬೀರುವಿನ ಹಿಂದೆ, ಎಲ್ಲ ಕಡೆ ಇಟ್ಟು ನೋಡಿದ. ಅತ್ತೆ ಅದನ್ನು ನೋಡಿ, "ಏನೋ ಅದು, ಮನೆಗೇ ಜ್ವರ ಬಂದಿದೆಯಾ?" ಎಂದರು. ಕೊನೆಗೆ ಎಲ್ಲಕ್ಕಿಂತ ತಂಪಾದ ಜಾಗ ದೇವರ ಕೋಣೆ ಎಂದು ಗೊತ್ತಾಯಿತು. ಅದರ ನೆಲದಡಿಯಲ್ಲೇ ನೀರಿನ ಸಂಪು ಇದೆ. ಬೇಸಿಗೆಯಲ್ಲೂ ಅಲ್ಲಿ ಬರಿಗಾಲಲ್ಲಿ ನಿಂತರೆ ತಣ್ಣಗಿರುತ್ತದೆ.

"ಅಕ್ಕ, ಕಟ್ಟೆ ಕೆಳಗಿನ ಖಾನೆ," ಎಂದ ಮೆಲ್ಲಗೆ.

"ಲೋ, ತಲೆ ಕೆಟ್ಟಿದೆಯಾ? ದೇವರ ಕೋಣೇಲಿ ಹೆಂಡ ಇಡ್ತೀಯಾ?"

"ದ್ರಾಕ್ಷಿ ಕಣಕ್ಕ. ದೇವರಿಗೆ ದ್ರಾಕ್ಷಿ ಇಡಲ್ವಾ?"

"ದ್ರಾಕ್ಷಿ ತಿಂದು ಯಾರೂ ಮೋರೀಲಿ ಬೀಳಲ್ಲ."

"ಇದನ್ನ ಕುಡಿದು ಬೀಳೋರೂ ಇಲ್ಲ. ಎಂಟು ವರ್ಷ ಕಾಯೋನು ಕುಡುಕ ಆಗ್ತಾನೇನೇ?"

ಆ ಮಾತಿಗೆ ಸೋತೆ. ಖಾನೆಯಲ್ಲಿ ವರ್ಷಕ್ಕೊಮ್ಮೆ ತೆಗೆಯುವ ಹಿತ್ತಾಳೆ ಸಾಮಾನು ಇತ್ತು. ಅದರ ಹಿಂದೆ, ನನ್ನ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಬಾಟಲಿಗಳನ್ನು ಮಲಗಿಸಿದೆವು. ಮೂರು ಮಾತು ಹೇಳಿ, ಒಂದೊಂದಕ್ಕೂ ನನ್ನ ಒಂದು ಬೆರಳು ಮಡಿಸಿದ. ಮಲಗಿಸಿಯೇ ಇಡಬೇಕು, ಇಲ್ಲವಾದರೆ ಮುಚ್ಚಳದ ಕಾರ್ಕ್ ಒಣಗುತ್ತದೆ. ಬೆಳಕು ಬೀಳಬಾರದು. ತಂಪಿನಿಂದ ಕದಲಿಸಬಾರದು.

ಮೊದಲ ಬಾಟಲಿಯನ್ನು ಅತ್ತೆ ಕೆಂಗೇರಿ ಉಪನಗರದ ಮಗಳ ಮನೆಗೆ ಹೋಗಿದ್ದ ದಿನ ತೆಗೆದ. ಬೆಳಗ್ಗೆ ಹತ್ತೂವರೆಗೆ. ನಾಲಗೆ ಚುರುಕಾಗಿರುವುದು ಆ ಹೊತ್ತಿಗೇ ಅಂತೆ. ಗ್ಲಾಸನ್ನು ನನ್ನ ಕಿಟಕಿಯ ಬಳಿ ತಂದು ಬಿಳಿ ಪಂಚೆಯ ಮೇಲೆ ಓರೆಯಾಗಿ ಹಿಡಿದು, "ಬಣ್ಣ ಹೇಳು," ಎಂದ. ನಾನು ದಾರದ ಡಬ್ಬಿ ತೆಗೆದು ಒಂದೊಂದೇ ಎಳೆ ಹಿಡಿದು ನೋಡಿದೆ. ನಡುವೆ ಬದನೆಕಾಯಿ ಬಣ್ಣ, ಅಂಚಿಗೆ ಬಂದರೆ ನೇರಳೆ. ಅವನು ಅದನ್ನು ಪುಸ್ತಕದಲ್ಲಿ ಬರೆದುಕೊಂಡ. ಆ ಎಳೆಯನ್ನೂ ಕತ್ತರಿಸಿ ಪುಟಕ್ಕೆ ಅಂಟಿಸಿದ. ನನಗೆ ಹೆಮ್ಮೆಯಾಯಿತು.

ಅದು ಒಂದೇ ಹಣ್ಣಿನ ವೈನಲ್ಲ, ಎರಡು ಮೂರು ಜಾತಿಯ ದ್ರಾಕ್ಷಿಯನ್ನು ಬೇರೆ ಬೇರೆ ಮಾಡಿ ಆಮೇಲೆ ಬೆರೆಸಿದ್ದು ಎಂದು ವಿವರಿಸಿದ. "ನೀನು ಸಾರಿನ ಪುಡಿಗೆ ಧನಿಯ, ಮೆಣಸಿನಕಾಯಿ, ಮೆಂತ್ಯ ಬೇರೆ ಬೇರೆ ಹುರಿದು ಆಮೇಲೆ ಸೇರಿಸಲ್ವಾ, ಹಾಗೆ." ಒಂದು ಜಾತಿ ಗಟ್ಟಿತನ ಕೊಡುತ್ತದೆ, ಒಂದು ಮೆದುತನ ಕೊಡುತ್ತದೆ, ಮೂರನೆಯದು ಚಿಟಿಕೆಯಷ್ಟು, ಖಾರದ ಹಾಗೆ. ಇದು ತುಂಬಿದ ಮೈಯ ವೈನ್ ಎಂದ. ವೈನಿಗೂ ಮೈ ಇರುತ್ತದೆಯೇ ಎಂದು ನಕ್ಕೆ. "ತಿಳಿಸಾರು ಕುಡಿದಾಗ ಬಾಯಿ ಹೇಗಿರುತ್ತೆ, ರಾಗಿ ಗಂಜಿ ಕುಡಿದಾಗ ಹೇಗಿರುತ್ತೆ? ಆ ತೂಕ." ಬೆರಳ ತುದಿಗೆ ಒಂದು ಹನಿ ಹಾಕಿದ. ನಾಲಗೆಗೆ ಮುಟ್ಟಿಸಿದೆ. ಬಾಳೆಕಾಯಿ ಹಸಿಯಾಗಿ ಕಚ್ಚಿದ ಹಾಗೆ ಒಗರು, ಒಸಡೆಲ್ಲ ಹಿಡಿದುಕೊಂಡಿತು. ಕೊರಳಲ್ಲಿ ಲಿಂಗ ಇದೆ ಎಂಬುದು ಆಮೇಲೆ ನೆನಪಾಗಿ ಬಚ್ಚಲಿಗೆ ಓಡಿ ಬಾಯಿ ತೊಳೆದೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಈ ಒಗರೇ ಅದರ ಆಯಸ್ಸು ಅಕ್ಕ. ವರ್ಷ ಹೋದಂಗೆ ಮೆತ್ತಗಾಗುತ್ತೆ. ನಿನ್ನ ಹೆರಳೆಕಾಯಿ ಉಪ್ಪಿನಕಾಯಿ ಇಲ್ವಾ, ಹಾಕಿದಾಗ ಕಹಿ, ಬಿಟ್ಟಷ್ಟೂ ರುಚಿ."

ಹೆರಳೆಕಾಯಿ ಹೇಳಿದ್ದು ಅವನು. ಅವನ ತಪ್ಪೇನಿಲ್ಲ. ನನಗೆ ಗೊತ್ತಿರುವ ಭಾಷೆಯಲ್ಲಿ ಹೇಳಿದ, ಅಷ್ಟೆ.

ನಾಲ್ಕು ವರ್ಷಕ್ಕೆ ಎರಡನೆಯದನ್ನು ತೆಗೆದ. ಬದನೆಕಾಯಿ ಬಣ್ಣ ಹೋಗಿ ಮರೂನು ಬಂದಿತ್ತು. ಈ ಸಲ ನಾನು ಮೂಸಿ ಮಾತ್ರ ನೋಡಿದೆ. ಹಣ್ಣಿನ ವಾಸನೆ ಹಿಂದಕ್ಕೆ ಸರಿದಿತ್ತು. ಮುಂದೆ ಬಂದದ್ದು ಒದ್ದೆ ಮಣ್ಣು, ಮತ್ತೆ ಪೆನ್ಸಿಲ್ ಕೆತ್ತಿದಾಗ ಬರುವ ವಾಸನೆ. ಹಾಗೆಂದು ಹೇಳಿದೆ. ಅವನು ಕಣ್ಣರಳಿಸಿ, "ಅಕ್ಕ, ವೈನ್ ಕಲಿಯೋವಾಗ ನಮ್ಮ ಬ್ಯಾಚಲ್ಲಿ ಮೂರು ಜನಕ್ಕೆ ಈ ವಾಸನೆ ಸಿಗಲಿಲ್ಲ, ನಿಂಗೆ ಸಿಕ್ತಲ್ಲೇ!" ಎಂದ. ಆ ದಿನ ಸಂಜೆಯವರೆಗೆ ಕುಚ್ಚು ಕಟ್ಟುತ್ತಾ ನನ್ನಷ್ಟಕ್ಕೆ ನಗುತ್ತಿದ್ದೆ.

ಹೀಗೆ ಮೂರನೆಯದು ಉಳಿಯಿತು. ಎಂಟನೇ ವರ್ಷದ ಶಿವರಾತ್ರಿಯ ಹೊತ್ತಿಗೆ ಅತ್ತೆಯ ಗುರುಮಠದ ಸ್ವಾಮಿಗಳು ಬೆಂಗಳೂರಿಗೆ ಬಂದರು. ನಮ್ಮ ಮನೆಯಲ್ಲಿ ಪಾದಪೂಜೆ ಎಂದು ಗೊತ್ತಾದದ್ದು ನಾಲ್ಕೇ ದಿನ ಮುಂಚೆ. ಪಾದಪೂಜೆ ಎಂದರೆ ಹಿತ್ತಾಳೆ ಸಾಮಾನು ಎಲ್ಲ ಹೊರಗೆ ಬರಬೇಕು. ಓರಗಿತ್ತಿ, ನಾದಿನಿ ಹುಣಸೆಹಣ್ಣು ಹಿಡಿದು ಉಜ್ಜಲು ಬಂದೇ ಬಿಟ್ಟರು. ಅವರಿಗಿಂತ ಹತ್ತು ನಿಮಿಷ ಮೊದಲು ನಾನು ಬಾಟಲಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಮೆಟ್ಟಿಲು ಹತ್ತಿದೆ. ಟೆರೇಸಿನ ಮೇಲೆ ಹಳೆ ಸಾಮಾನು ಹಾಕುವ ಒಂದು ಶೀಟಿನ ಕೋಣೆ ಇದೆ. ಹಳೆ ಬಟ್ಟೆಯ ಗಂಟಿನೊಳಗೆ ಅದನ್ನು ತುರುಕಿದೆ. ಮಲಗಿಸಿಯೇ ಇಡಬೇಕು ಎಂದದ್ದು ನೆನಪಿತ್ತು, ಮಲಗಿಸಿದೆ. ಬೆಳಕು ಬೀಳಬಾರದು ಎಂದದ್ದು ನೆನಪಿತ್ತು, ಮುಚ್ಚಿದೆ.

ಪೂಜೆ ಚೆನ್ನಾಗಿ ಆಯಿತು. ಎರಡು ದಿನ ಬಿಟ್ಟು ಕೆಳಗೆ ತರೋಣ ಎಂದುಕೊಂಡೆ. ಮದುವೆ ಸೀರೆಗಳು ಬಂದವು. ಯುಗಾದಿಯ ಹಿಂದಿನ ದಿನ ಮೇಲೆ ಹೋದಾಗ ನೆನಪಾಯಿತು. ಗಂಟಿನ ಮೇಲೆ ಕೈಯಿಟ್ಟು ನೋಡಿದೆ, ಬಟ್ಟೆ ಬಿಸಿಯಾಗಿತ್ತು. ಆಗ ನನ್ನ ತಲೆಗೆ ಬಂದ ಯೋಚನೆಯನ್ನು ಬರೆಯಲು ನಾಚಿಕೆಯಾಗುತ್ತದೆ. ಉಪ್ಪಿನಕಾಯಿ ಜಾಡಿಯನ್ನು ನಾವು ಬಾಯಿಗೆ ಬಟ್ಟೆ ಕಟ್ಟಿ ಇದೇ ಟೆರೇಸಿನ ಮೇಲೆ ಬಿಸಿಲಿಗೆ ಇಡುತ್ತೇವೆ. ಬಿಸಿಲು ಕಂಡ ಹೆರಳೆಕಾಯಿ ಬೇಗ ಮಾಗುತ್ತದೆ. ಇದೂ ಮಾಗಲಿ, ಎಂಟು ವರ್ಷದ್ದು ಹತ್ತು ವರ್ಷದ ಹಾಗೆ ಆಗಲಿ ಎಂದುಕೊಂಡೆ. ತಮ್ಮ ಕುಡಿದು ಆಶ್ಚರ್ಯಪಡುತ್ತಾನೆ ಎಂದು ಖುಷಿಯೂ ಪಟ್ಟೆ. ಕದಲಿಸಬಾರದು ಎಂದವನ ಮಾತು, ಮಡಿಸಿದ ಮೂರನೇ ಬೆರಳು, ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು. ಅವನಿಗಿಂತ ನನಗೆ ಹೆಚ್ಚು ಗೊತ್ತು ಎಂದುಕೊಂಡೆ.

ಏಪ್ರಿಲ್, ಮೇ ಎರಡೂ ಹೋದವು. ಆ ವರ್ಷ ಶೀಟಿನ ಕೋಣೆಯೊಳಗೆ ನಿಲ್ಲಲು ಆಗುತ್ತಿರಲಿಲ್ಲ. ಮೊದಲ ಮಳೆಗೆ ಸೋರುತ್ತಿದೆಯೇ ನೋಡಲು ಹೋದವಳಿಗೆ ಬಟ್ಟೆ ಗಂಟಿನಲ್ಲಿ ಕಂದು ಕಲೆ ಕಾಣಿಸಿತು. ಬಾಟಲಿಯ ಕತ್ತಿನ ಸುತ್ತ ಅಂಟಂಟು. ಬಾಯಿಗೆ ಸುತ್ತಿದ ತಗಡಿನ ಹಾಳೆ ಉಬ್ಬಿ, ಅದರಡಿಯ ಕಾರ್ಕ್ ಕೂದಲೆಳೆಯಷ್ಟು ಮೇಲೆದ್ದಿತ್ತು. ಹೆಬ್ಬೆರಳಿನಿಂದ ಒತ್ತಿದೆ, ಒಳಗೆ ಹೋಯಿತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಹಾಳೆ ಸರಿಮಾಡಿ, ಹಿತ್ತಾಳೆಯ ಹಿಂದೆ ಮತ್ತೆ ಮಲಗಿಸಿದೆ.

ಮರುದಿನ ಮೊಬೈಲಿನಲ್ಲಿ ಬಾಟಲಿಯ ಚೀಟಿಯ ಫೋಟೋ ಹಿಡಿದು ಮಾರೇನಹಳ್ಳಿಗೆ ಹೋದೆ. ನಮ್ಮ ಕಡೆ ಆದರೆ ಯಾರಾದರೂ ನೋಡುತ್ತಾರೆ. ಅಲ್ಲಿ ಒಂದು ವೈನ್ ಅಂಗಡಿಯ ಮುಂದೆ ಎರಡು ಸಲ ದಾಟಿ ಹೋಗಿ ಮೂರನೇ ಸಲ ತಲೆಗೆ ಸೆರಗು ಎಳೆದು ನಿಂತೆ. ಕೌಂಟರಿನವನಿಗೆ ನಲವತ್ತು ಇರಬಹುದು.

"ಹೇಳಿ ಆಂಟಿ, ಅಂಕಲ್‌ಗಾ?"

"ಅಲ್ಲಪ್ಪ. ಇದು ಸಿಗುತ್ತಾ ನೋಡು."

ಅವನು ಫೋಟೋ ದೊಡ್ಡದು ಮಾಡಿ ನೋಡಿದ. "ಆಂಟಿ, ಇದು ಫ್ರಾನ್ಸ್‌ದು. ಅದೂ ಇಷ್ಟು ಹಳೇದು. ನಮ್ಮಲ್ಲಲ್ಲ, ಎಲ್ಲಿ ಹುಡುಕಿದ್ರೂ ಕಷ್ಟ. ಯಾರ ಮನೇಲಿದೆ?"

"ಒಬ್ಬರ ಮನೇಲಿ. ಅಲ್ಲಪ್ಪ, ಇದನ್ನ ಬಿಸಿಲಲ್ಲಿ ಇಟ್ರೆ ಏನಾಗುತ್ತೆ?"

"ಎಷ್ಟು ಹೊತ್ತು?"

"ಮೂರು ತಿಂಗಳು."

ಪಕ್ಕದಲ್ಲಿ ಬಾಟಲಿ ಕೊಳ್ಳುತ್ತಿದ್ದವನೂ ತಿರುಗಿ ನೋಡಿದ. ಕೌಂಟರಿನವನು, "ಹಾಗಾದ್ರೆ ಅನ್ನಕ್ಕೆ ಕಲಸ್ಕೊಂಡು ತಿನ್ನಿ ಆಂಟಿ, ಸಾರಾಗಿರುತ್ತೆ," ಎಂದು ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿದ. "ಬೆಂದು ಹೋಗಿರುತ್ತೆ ಆಂಟಿ. ಮತ್ತೆ ಸರಿ ಮಾಡಕ್ಕಾಗಲ್ಲ."

ಹೀಗೆ, ಆ ವೈನ್ ಕೆಟ್ಟಿದೆ ಎಂದು ತಮ್ಮ ಅದನ್ನು ತೆರೆಯುವ ಐದು ತಿಂಗಳ ಮೊದಲೇ ನನಗೆ ಗೊತ್ತಿತ್ತು. ಅವನು ಫೋನ್ ಮಾಡಿದಾಗಲೆಲ್ಲ ಇವತ್ತು ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವನಿಗೆ ಕೊರೊನಾ ಬಂತು. ಎಲ್ಲರೂ ಅದನ್ನು ಮರೆತು ಮಾಸ್ಕ್ ಬಿಸಾಡಿದ ಮೇಲೆ ಇವನಿಗೆ ಬಂತು. ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು. ವಾಸನೆ ಹೋದದ್ದು ಬರಲಿಲ್ಲ.

ನಮ್ಮ ಮನೆಗೇ ಬಂದು ಉಳಿದ. ಮೂಗು ಹೋದ ವೈನಿನವನು ಕೈ ಹೋದ ಬಡಗಿಯಂತೆ ಕೂತಿದ್ದ. ಡಾಕ್ಟರು ಹೇಳಿದಂತೆ ದಿನಕ್ಕೆ ಎರಡು ಸಲ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆಯ ಸಣ್ಣ ಶೀಶೆಗಳನ್ನು ಕಣ್ಣುಮುಚ್ಚಿ ಮೂಸುವುದು. ನಾನು ಹಿಡಿಯುತ್ತಿದ್ದೆ, ಅವನು ಹೇಳುತ್ತಿದ್ದ. ಮೊದಲ ತಿಂಗಳು ನಾಲ್ಕೂ ಒಂದೇ, ಬರೀ ಗಾಳಿ. ಗಣೇಶನ ಹಬ್ಬದ ಹೊತ್ತಿಗೆ ನಿಂಬೆ ಬಂತು. ನವರಾತ್ರಿಗೆ ಲವಂಗ. ಕಾರ್ತಿಕ ಮಾಸ ಶುರುವಾಗುವಾಗ ನಾಲ್ಕನ್ನೂ ಹೇಳಿದ. ಆದರೂ ಅವನಿಗೆ ಧೈರ್ಯ ಬರಲಿಲ್ಲ. ಕೆಲವು ಸಲ ಕಾಫಿ ಸುಟ್ಟ ರಬ್ಬರಿನಂತೆ ವಾಸನೆ ಬರುತ್ತದೆ, ಮೂಗು ಇಲ್ಲದ್ದನ್ನು ಹೇಳುತ್ತದೆ ಎನ್ನುತ್ತಿದ್ದ.

ಹೋಟೆಲಿನವರು ಅವನ ಜಾಗ ಇಟ್ಟುಕೊಂಡಿದ್ದರು. ಬಟ್ಟೆ ಸುತ್ತಿದ ಆರು ಬಾಟಲಿಯಿಂದ ಬಗ್ಗಿಸುತ್ತೇವೆ, ಯಾವ ವೈನ್ ಎಂದು ರುಚಿ ನೋಡಿ ಹೇಳು, ಸರಿಯಾದರೆ ಅದೇ ಕೆಲಸಕ್ಕೆ ಬಾ ಎಂದು ದಿನ ಗೊತ್ತುಮಾಡಿದರು. ಅದಕ್ಕೆ ಒಂದು ವಾರ ಇರುವಾಗ ತಮ್ಮ ನನ್ನೆದುರು ಬಂದು ಕೂತ.

"ಅಕ್ಕ, ಅಲ್ಲಿ ಎಲ್ಲರ ಮುಂದೆ ಮರ್ಯಾದೆ ಕಳ್ಕೊಳ್ಳೋ ಬದಲು ಇಲ್ಲೇ ನೋಡ್ಕೊಂಡ್ಬಿಡ್ತೀನಿ. ಆ ಮೂರನೇದು ತೆಗೀತೀನಿ. ಅದು ಹೇಗಿರುತ್ತೆ ಅಂತ ನಂಗೆ ಗೊತ್ತು, ಎರಡು ಸಲ ಬರೆದಿಟ್ಟಿದೀನಿ. ಸಿಕ್ಕಿದ್ರೆ ಹೋಗ್ತೀನಿ. ಸಿಗದಿದ್ರೆ ಬಿಡ್ತೀನಿ."

ಹೇಳಬೇಕಾದ ಕ್ಷಣ ಅದು. ಸೂಜಿಗೆ ದಾರ ಪೋಣಿಸಿದೆ. ಬೇರೆ ಯಾವುದಾದರೂ ಬಾಟಲಿ ನೋಡೋ ಎಂದಷ್ಟೇ ಅಂದೆ. "ಬೇರೆದನ್ನ ನಾನು ನಂಬಲ್ಲ. ಇದು ನೀನು ಕಾದಿರೋದು," ಎಂದ.

ಅತ್ತೆ ಕೆಂಗೇರಿಗೆ ಹೋದ ದಿನ ಅದೇ ಕಿಟಕಿ, ಅದೇ ಬಿಳಿ ಪಂಚೆ. ತಗಡಿನ ಹಾಳೆ ಕತ್ತರಿಸಿದವನು ನಿಂತುಬಿಟ್ಟ. ಕಾರ್ಕಿನ ನೆತ್ತಿಯವರೆಗೆ ಕೆಂಪು ಏರಿತ್ತು.

"ಅಕ್ಕ, ಇದನ್ನ ಯಾರಾದ್ರೂ ಎತ್ತಿ ಬೇರೆ ಕಡೆ ಇಟ್ಟಿದ್ರಾ?"

"ಇಲ್ಲ ಕಣೋ. ಅಲ್ಲೇ ಇತ್ತು."

"ಪಾದಪೂಜೆ ದಿನ?"

"ಅವತ್ತೂ ಅಲ್ಲೇ. ಸೀರೆ ಮುಚ್ಚಿದ್ದೆ."

ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವನು ತಲೆಯಾಡಿಸಿ ಕಾರ್ಕ್ ತೆಗೆದ. ಬಗ್ಗಿಸಿದ. ದಾರ ಹಿಡಿದೆ. ಮರೂನು ಹೊಂದಲಿಲ್ಲ, ಅರಗೂ ಹೊಂದಲಿಲ್ಲ. ಹೊಂದಿದ್ದು ಇಟ್ಟಿಗೆ ಬಣ್ಣ, ಅಂಚಿನಲ್ಲಿ ಚಹಾದ ಬಣ್ಣ. ಹಾಗೆಂದೇ ಹೇಳಿದೆ. ಕಣ್ಣಿಗೆ ಕಾಣುವುದರಲ್ಲಿ ಸುಳ್ಳು ಹೇಳಲಾಗುವುದಿಲ್ಲವಲ್ಲ. "ವಯಸ್ಸಿಗೆ ಸ್ವಲ್ಪ ಜಾಸ್ತಿನೇ ಆಯ್ತು," ಎಂದು ಗೊಣಗಿದ.

ಮೂಸಿದ. ಗ್ಲಾಸ್ ತಿರುಗಿಸಿ ಮತ್ತೆ ಮೂಸಿದ. ಒಂದು ಗುಟುಕು ಬಾಯಲ್ಲಿ ಸುತ್ತಾಡಿಸಿ ಪಾತ್ರೆಗೆ ಉಗಿದ. ಕಣ್ಣು ಮುಚ್ಚಿಕೊಂಡೇ ಹೇಳತೊಡಗಿದ.

"ಬೆಲ್ಲದ ಪಾಕ. ಒಣದ್ರಾಕ್ಷಿ ಬೇಯಿಸಿದ ಹಾಗೆ. ಹುಣಸೆಹಣ್ಣು ಕುದಿಸಿದ ಹಾಗೆ. ಒಗರು ಒಣಗಿಹೋಗಿದೆ. ಮೈಯೇ ಇಲ್ಲ ಅಕ್ಕ, ನಡುವೆ ಖಾಲಿ. ಮಣ್ಣಿಲ್ಲ, ಪೆನ್ಸಿಲ್ ಇಲ್ಲ." ಕಣ್ಣು ತೆರೆದ. "ಇದು ಬೆಂದ ವೈನಿನ ವಾಸನೆ. ಆದ್ರೆ ಇದು ಬೆಂದಿಲ್ಲ, ತಂಪಲ್ಲಿತ್ತು. ಅಂದ್ರೆ ಮೂಗು ಸುಳ್ಳು ಹೇಳ್ತಿದೆ."

ಒಂದಕ್ಷರ ತಪ್ಪಿಲ್ಲದೆ ಹೇಳಿದ್ದ. ಮಾರೇನಹಳ್ಳಿಯ ಅಂಗಡಿಯವನು ಹೇಳಿದ ಅದೇ ಮಾತು, ಬೆಂದಿದೆ. ಎದ್ದು ಕೂಗಬೇಕಿತ್ತು, ನಿನ್ನ ಮೂಗು ಗೆದ್ದಿತು ಕಣೋ ಎಂದು.

ಅವನು ಗ್ಲಾಸನ್ನು ನನ್ನ ಕಡೆ ಚಾಚಿದ. "ನೀನು ನೋಡು. ಹೋದ ಸಲ ನಿಂಗೆ ಸಿಕ್ಕಿತ್ತಲ್ಲ. ಮಣ್ಣಿನ ವಾಸನೆ ಬರ್ತಾ ಇದೆಯಾ?"

ಮೂಸಿದೆ. ಪಾಕ ಹಿಡಿಯುವಾಗ ತಳ ಹತ್ತಿದರೆ ಬರುವ ವಾಸನೆ. ಮಣ್ಣು ಎಲ್ಲೂ ಇರಲಿಲ್ಲ. ಇಲ್ಲ ಎಂದರೆ ಬಾಟಲಿ ಕೆಟ್ಟಿದೆ ಎಂದಾಗುತ್ತದೆ. ಬಾಟಲಿ ಕೆಟ್ಟಿದೆ ಎಂದರೆ ಯಾಕೆ ಕೆಟ್ಟಿತು ಎಂದಾಗುತ್ತದೆ.

"ಬರ್ತಾ ಇದೆ," ಎಂದೆ.

"ಚೆನ್ನಾಗಿ?"

"ಹೂಂ. ಹೋದ ಸಲದ ಹಾಗೇ."

ಅವನು ಗ್ಲಾಸ್ ವಾಪಸ್ ತೆಗೆದುಕೊಂಡು ಮೋರಿಗೆ ಚೆಲ್ಲಿದ. ಬಾಟಲಿಯನ್ನೂ ಬಗ್ಗಿಸಿ ಖಾಲಿ ಮಾಡಿ, ನೀರು ಹಾಕಿ ತೊಳೆದ. ನನಗೆ ಒಂದು ಮಾತೂ ಬೈಯಲಿಲ್ಲ. ಬೈಯಲು ನನ್ನ ಮೇಲೆ ಅವನಿಗೆ ಏನಿತ್ತು? ಮರುದಿನ ಬೆಳಗ್ಗೆ ಹೋಟೆಲಿಗೆ ಫೋನ್ ಮಾಡಿದ. ಇಂಗ್ಲಿಷಿನಲ್ಲಿ ಮಾತಾಡಿದ. ನನಗೆ ಅರ್ಥವಾದದ್ದು ನಡುನಡುವೆ ಬಂದ ಸಾರಿ ಎಂಬ ಒಂದೇ ಮಾತು. ನಾಲ್ಕೈದು ಸಲ ಹೇಳಿದ. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ಎರಡು ಹೆಜ್ಜೆ ಇಟ್ಟಿದ್ದರೆ ಫೋನ್ ಕಸಿದುಕೊಳ್ಳಬಹುದಿತ್ತು. ಇಡಲಿಲ್ಲ.

ಹೆದರಿಕೆಯಿಂದ ಹಾಗೆ ಮಾಡಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ. ಇನ್ನರ್ಧವೂ ಇದೆ. ಅದರ ಹಿಂದಿನ ವರ್ಷ ಅವನಿಗೆ ಒಂದು ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿಯ ತಂದೆ ಎಲ್ಲ ವಿಚಾರಿಸಿ ಕೊನೆಗೆ, "ಅಂದ್ರೆ ಬಾರಲ್ಲಿ ಕೆಲಸಾನಾ?" ಎಂದು ಕೇಳಿದರು. ತಮ್ಮ ನಗುತ್ತಲೇ ಉತ್ತರ ಕೊಟ್ಟ. ನಾನು ತಲೆ ತಗ್ಗಿಸಿದೆ. ಆ ದಿನದಿಂದ ಇವನು ಬೇರೆ ಕೆಲಸ ಮಾಡಿದ್ದರೆ ಎಂಬ ಆಸೆ ನನ್ನೊಳಗೆ ಇತ್ತು. ಗ್ಲಾಸ್ ಮೂಸಿ "ಬರ್ತಾ ಇದೆ" ಎಂದಾಗ ಆ ಆಸೆಯೂ ನನ್ನ ಬಾಯಲ್ಲಿತ್ತು. ಇದನ್ನು ಯಾರಿಗೂ ಹೇಳಿಲ್ಲ.

ಆಸೆ ನಡೆಯಿತು. ಅತ್ತೆಯ ಕಡೆಯವರ ಪೈಪು, ನಲ್ಲಿ ಸಾಮಾನಿನ ಅಂಗಡಿ ಕೆಂಗೇರಿ ಉಪನಗರದಲ್ಲಿದೆ. ಅಲ್ಲಿ ಕೌಂಟರಿಗೆ ಸೇರಿದ. ವರ್ಷದೊಳಗೆ ಮದುವೆಯಾಯಿತು. "ಈಗ ಒಂದು ದಾರಿಗೆ ಬಂದ ನೋಡು ನಿನ್ನ ತಮ್ಮ," ಎನ್ನುತ್ತಾರೆ ಅತ್ತೆ. ಅವನ ಹೆಂಡತಿ ಒಳ್ಳೆಯವಳು. ಅವನು ಸುಖವಾಗಿಲ್ಲ ಎಂದು ಹೇಳುವ ಹಾಗಿಲ್ಲ. ಊಟಕ್ಕೆ ಕೂತರೆ ಬೇಗ ಮುಗಿಸಿ ಏಳುತ್ತಾನೆ. ಮೊದಲು ಒಂದು ತುತ್ತಿಗೆ ಒಂದು ಮಾತು ಹೇಳುತ್ತಿದ್ದವನು.

ಮೂರು ವರ್ಷ ಕಳೆಯಿತು. ಹೋದ ಆಷಾಢದಲ್ಲಿ ಒಂದು ದಿನ ಮನೆಗೆ ಬಂದವನು ಗೇಟಿನಲ್ಲಿ ಚಪ್ಪಲಿ ಬಿಡುತ್ತಲೇ, "ಅಕ್ಕ, ಪಕ್ಕದ ಮನೆಯವರು ಇಂಗು ಬದಲಾಯಿಸಿದಾರೆ. ಹಳೇದಲ್ಲ ಇದು," ಎಂದ. ಹೇಳಿ ಒಳಗೆ ಬಂದು ಟಿ.ವಿ. ಹಾಕಿದ. ಆ ಮೂಗನ್ನು ಅವನು ಅಡುಗೆಗೆ ಮಾತ್ರ ಸಾಕಾಗುವ ಮೂಗು ಎಂದು ನಂಬಿಬಿಟ್ಟಿದ್ದ. ಪಕ್ಕದವರನ್ನು ಕೇಳಿದೆ. ಇಂಗು ಬದಲಾಯಿಸಿದ್ದು ನಿಜ.

ಆ ವಾರವೇ ಬಸ್ ಹತ್ತಿ ಕೆಂಗೇರಿಗೆ ಹೋದೆ. ಮಧ್ಯಾಹ್ನ ಮೂರು ಗಂಟೆ, ಅಂಗಡಿ ಖಾಲಿ ಇತ್ತು. ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿ ಮಜ್ಜಿಗೆ ತರಿಸಿದ. ಮಜ್ಜಿಗೆ ಮುಟ್ಟದೆ ಎಲ್ಲ ಹೇಳಿದೆ. ಪಾದಪೂಜೆ, ಶೀಟಿನ ಕೋಣೆ, ಉಪ್ಪಿನಕಾಯಿ ಎಂದುಕೊಂಡದ್ದು, ಒರೆಸಿ ಇಟ್ಟದ್ದು. ನಾನು ನಿಲ್ಲಿಸಿದ ಮೇಲೆ ಅವನು ಕೇಳಿದ.

"ಯಾವ ತಿಂಗಳಿಂದ?"

"ಶಿವರಾತ್ರಿಯಿಂದ. ಮಳೆ ಹಿಡಿಯೋವರೆಗೆ."

"ಕಲ್ನಾರು ಶೀಟಾ, ತಗಡಾ?"

"ತಗಡು."

"ಕಾರ್ಕ್ ಎಷ್ಟು ಎದ್ದಿತ್ತು?"

ಉಗುರಿನಲ್ಲಿ ತೋರಿಸಿದೆ. ಅವನು ಮುಂದಕ್ಕೆ ಬಾಗಿ ನೋಡಿದ. ಅಷ್ಟು ಆಸೆಯಿಂದ ಅವನು ಏನನ್ನಾದರೂ ಕೇಳಿದ್ದು ನೋಡಿ ವರ್ಷಗಳಾಗಿದ್ದವು.

"ಹಾಗಾದ್ರೆ ಅವತ್ತು ನಾನು ಹೇಳಿದ್ದು ಸರಿ."

"ಸರಿ ಕಣೋ."

"ಪಾಕ, ಒಣದ್ರಾಕ್ಷಿ, ಎಲ್ಲಾನೂ?"

"ಎಲ್ಲಾನೂ."

"ಮತ್ತೆ ನೀನು ಮಣ್ಣಿನ ವಾಸನೆ ಬರ್ತಾ ಇದೆ ಅಂದ್ಯಲ್ಲ."

"ಬಂದಿರಲಿಲ್ಲ."

ಅವನು ಹಿಂದಕ್ಕೆ ಒರಗಿದ. ಹೊರಗೆ ಲಾರಿಯೊಂದು ಹಿಂದೆ ಸರಿ ಸರಿ ಎಂದು ಕೂಗಿಸಿಕೊಳ್ಳುತ್ತಾ ನಿಂತಿತು. ಹೆಣ್ಣಿನ ತಂದೆಯ ಮಾತು, ನನ್ನ ಆಸೆ, ಅದನ್ನೂ ಹೇಳೋಣ ಎಂದು ಬಾಯಿ ತೆರೆದೆ. ಅವನ ಮುಖ ನೋಡಿ ಹೇಳಲಾಗಲಿಲ್ಲ.

"ಬಾಟಲಿ ಹೋಗ್ಲಿ ಬಿಡು ಅಕ್ಕ. ನೀನು ಗೊತ್ತಿಲ್ದೆ ಇಟ್ಟೆ," ಎಂದ ನಿಧಾನವಾಗಿ. "ಈಗ ಯಾಕೆ ಹೇಳ್ದೆ? ಮೂಗು ಹೋಯ್ತು, ಯಾರ ತಪ್ಪೂ ಇಲ್ಲ ಅಂದ್ಕೊಂಡು ಇದ್ದುಬಿಟ್ಟಿದ್ದೆ."

ಈಗಲಾದರೂ ಆ ಹೋಟೆಲಿಗೆ ಒಂದು ಸಲ ಹೋಗಿ ಕೇಳೋ ಎಂದೆ. ಅಲ್ಲಿ ಬೇರೆಯವರು ಬಂದಾಗಿದೆ, ಮೂರು ವರ್ಷ ವೈನ್ ಮುಟ್ಟದವನನ್ನು ಯಾರು ಕರೆಯುತ್ತಾರೆ, ಮಗು ಬೇರೆ ಬರುತ್ತಿದೆ ಎಂದ. ಹಾಗೆಂದವನು ಕೌಂಟರಿನ ಮೇಲೆ ಬೆರಳು ಆಡಿಸುತ್ತಾ, ಸಣ್ಣವನಿದ್ದಾಗ ಪರೀಕ್ಷೆ ಬರೆದು ಬಂದು ಕೇಳುತ್ತಿದ್ದ ದನಿಯಲ್ಲಿ ಕೇಳಿದ.

"ಆ ಆರು ಗ್ಲಾಸು... ಹೋಗಿದ್ರೆ ನಾನು ಪಾಸಾಗ್ತಿದ್ದೆ, ಅಲ್ವಾ ಅಕ್ಕ?"

"ಆಗ್ತಿದ್ದೆ ಕಣೋ," ಎಂದೆ.

ಅಷ್ಟರಲ್ಲಿ ಒಬ್ಬರು ಮುಕ್ಕಾಲಿಂಚಿನ ನಲ್ಲಿ ಕೇಳಿಕೊಂಡು ಬಂದರು. ಅವನು ಎದ್ದು ಹೋದ. ತೋರಿಸಿದ, ಬದಲಾಯಿಸಿ ಇನ್ನೊಂದು ತೋರಿಸಿದ. ಅವರು ಹೋದ ಮೇಲೆ ಮತ್ತೊಬ್ಬರು ಬಂದರು. ನಾನು ಐದು ಗಂಟೆಯವರೆಗೆ ಕೂತಿದ್ದೆ. ಅವನು ಈ ಕಡೆ ಬರಲಿಲ್ಲ.